ದಿಡ್ಡಿ ಬಾಗಿಲು ಕಾಯುವವರು

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಮೂವತ್ತು ವರ್ಷದಿಂದ ಮಕ್ಕಳಿಗೆ ಹೇಳುತ್ತಾ ಬಂದಿದ್ದೇನೆ. ಎಲ್ಲ ಮಕ್ಕಳೂ ಹೆಚ್ಚುಕಡಿಮೆ ಒಂದೇ ಥರ ಬರೆಯುತ್ತಾರೆ. ಮುಂಜಾಗ್ರತೆ ಇರಬೇಕು, ಕಾಲ ಮೀರಿದ ಮೇಲೆ ಪಶ್ಚಾತ್ತಾಪದಿಂದ ಪ್ರಯೋಜನವಿಲ್ಲ, ಇತ್ಯಾದಿ. ನಾನೂ ಹತ್ತಕ್ಕೆ ಏಳು ಕೊಟ್ಟು ಮುಂದಿನ ಪುಸ್ತಕ ಎತ್ತಿಕೊಳ್ಳುತ್ತೇನೆ. ಆ ಬಾಗಿಲನ್ನು ತೆರೆದಿಟ್ಟವರು ಯಾರು, ಕಾಯುವವನನ್ನು ಅಲ್ಲಿಂದ ಬೇರೆ ಕೆಲಸಕ್ಕೆ ಕರೆದವರು ಯಾರು ಎಂದು ಯಾವ ಮಗುವೂ ಕೇಳಿದ್ದಿಲ್ಲ. ನಿಜ ಹೇಳಬೇಕೆಂದರೆ ನಾನೂ ಕೇಳಿಕೊಂಡಿರಲಿಲ್ಲ. ಆ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ಫುಟ್‌ಬಾಲಿನಿಂದ ಎಂದರೆ ನೀವು ನಗಬಹುದು. ನಗಿ, ಆದರೆ ಪೂರ್ತಿ ಓದಿ.

2024ರ ಸೆಪ್ಟೆಂಬರ್ ತಿಂಗಳು. ಹಾನುಬಾಳಿನಲ್ಲಿ ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಬೆಂಗಳೂರಿನಲ್ಲಿದ್ದ ಸೊಸೆ ತನ್ನ ಕಂಪ್ಯೂಟರನ್ನು ಚೀಲದಲ್ಲಿ ಹಾಕಿಕೊಂಡು ನಮ್ಮಲ್ಲಿಗೆ ಬಂದಳು. ಅವಳ ಕಛೇರಿಯವರು ಮನೆಯಿಂದಲೇ ಕೆಲಸ ಮಾಡಲು ಒಪ್ಪಿದ್ದರು. ನನ್ನ ಅತ್ತೆಯವರಿಗೆ ಎಂಬತ್ತನಾಲ್ಕು. ನಾನು ಬೆಳಿಗ್ಗೆ ಸ್ಕೂಲಿಗೆ ಹೋದರೆ ಬರುವುದು ಸಂಜೆ. ನಮ್ಮ ಯಜಮಾನರು ತೋಟದಲ್ಲಿರುತ್ತಾರೆ. ಹಗಲು ಮನೆಯಲ್ಲಿ ಒಬ್ಬರಿರಲಿ ಎಂದು ಹುಡುಗಿ ತಾನಾಗಿ ಬಂದಿದ್ದಳು. ಅವಳ ಜೊತೆಗೆ ಬಂದದ್ದು ಬೆಂಗಳೂರು ಎಫ್‌.ಸಿ. ಎಂಬ ತಂಡದ ನೀಲಿ ಅಂಗಿ.

ಆ ತನಕ ನನಗೆ ಫುಟ್‌ಬಾಲ್ ಎಂದರೆ ಪಿ.ಟಿ. ಮೇಷ್ಟ್ರು ಮಕ್ಕಳಿಗೆ ಕೊಟ್ಟು ಕಳಿಸುವ ಒಂದು ಚೆಂಡು, ಅದರ ಹಿಂದೆ ಓಡುವ ನಲವತ್ತು ಕಾಲು. ಸೆಪ್ಟೆಂಬರ್ 14ರ ಶನಿವಾರ ರಾತ್ರಿ ಸೊಸೆ ಟಿ.ವಿ. ಹಾಕಿಕೊಂಡು ಕೂತಾಗ, ಒಬ್ಬಳೇ ನೋಡುತ್ತಾಳಲ್ಲ ಎಂದು ನಾನೂ ಹುಣಸೇಹಣ್ಣಿನ ಬೀಜ ಬಿಡಿಸುತ್ತಾ ಕೂತೆ. ಅತ್ತೆಯವರೂ ಕುರ್ಚಿ ಎಳೆಸಿಕೊಂಡರು. ಬೆಂಗಳೂರಿನವರು ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡವನ್ನು 1-0 ಗೋಲಿನಿಂದ ಸೋಲಿಸಿದರು. ಗೋಲು ಹೊಡೆದವನು ವಿನೀತ್ ವೆಂಕಟೇಶ್ ಎಂಬ ಎಳೆಯ ಹುಡುಗ. ನಾನು ಅವನನ್ನು ಹೊಗಳಿದೆ. ಸೊಸೆ ಹೇಳಿದಳು: "ಅತ್ತೆ, ಚೆಂಡು ನೋಡಬೇಡಿ. ಚೆಂಡು ನೋಡಿದ್ರೆ ಏನೂ ಗೊತ್ತಾಗಲ್ಲ. ಹಿಂದೆ ನಿಂತಿರೋ ನಾಲ್ಕು ಜನಾನ ನೋಡಿ."

ಅತ್ತೆಯವರು ಮಾತ್ರ ಆ ನಾಲ್ವರಿಗಿಂತಲೂ ಹಿಂದೆ ಬಲೆಯ ಮುಂದೆ ನಿಂತಿದ್ದ ಗುರುಪ್ರೀತ್ ಸಿಂಗ್ ಸಂಧುವನ್ನೇ ನೋಡುತ್ತಿದ್ದರು. ಆರೂವರೆ ಅಡಿ ಎತ್ತರದ ಆಳು. "ಆ ಗೇಟು ಕಾಯೋನಿಗೆ ಪಾಪ ಯಾರೂ ಆಡಕ್ಕೇ ಕರೀತಿಲ್ವಲ್ಲೇ" ಎಂದು ಕೊನೆಯವರೆಗೂ ಮರುಗಿದರು. ಅವನಿಗೆ ನಮ್ಮ ಮನೆಯಲ್ಲಿ ಅಂದಿನಿಂದ ಗೇಟು ಕಾಯೋನು ಎಂದೇ ಹೆಸರು.

ಹಿಂದಿನ ನಾಲ್ವರನ್ನು ನೋಡುವುದು ಕಲಿಯಲು ನನಗೆ ಮೂರು ನಾಲ್ಕು ಪಂದ್ಯಗಳೇ ಬೇಕಾದವು. ಆ ಋತುವಿನಲ್ಲಿ ಮಧ್ಯದಲ್ಲಿ ನಿಲ್ಲುತ್ತಿದ್ದವರು ರಾಹುಲ್ ಭೇಕೆ, ಮಣಿಪುರದ ಚಿಂಗ್ಲೆನ್‌ಸಾನಾ ಸಿಂಗ್ ಮತ್ತು ಆಸ್ಟ್ರೇಲಿಯಾದ ಅಲೆಕ್ಸಾಂಡರ್ ಯೊವಾನೊವಿಚ್, ಈ ಮೂವರಲ್ಲಿ ಇಬ್ಬರು. ಎರಡು ಬದಿಗಳಲ್ಲಿ ರೋಷನ್ ಸಿಂಗ್, ನಿಖಿಲ್ ಪೂಜಾರಿ, ನಾಮ್‌ಗ್ಯಾಲ್ ಭುಟಿಯಾ ಇಂಥವರು. ಪ್ರಾರ್ಥನೆಗೆ ನಿಂತ ಮಕ್ಕಳ ಸಾಲಿನ ಹಾಗೆ ನಾಲ್ವರೂ ಒಂದೇ ಗೆರೆಯಲ್ಲಿ ಮುಂದೆ ಬರಬೇಕು, ಒಂದೇ ಗೆರೆಯಲ್ಲಿ ಹಿಂದೆ ಸರಿಯಬೇಕು. ಒಬ್ಬನು ಎರಡು ಹೆಜ್ಜೆ ಹಿಂದೆ ಉಳಿದನೋ, ಎದುರಾಳಿ ಆ ಸಂದಿಯಲ್ಲಿ ನುಗ್ಗುತ್ತಾನೆ. ಒಬ್ಬನು ಚೆಂಡಿಗಾಗಿ ಬದಿಗೆ ಓಡಿದರೆ ಪಕ್ಕದವನು ಅವನ ಜಾಗಕ್ಕೆ ಸರಿಯಬೇಕು, ಅವನ ಪಕ್ಕದವನು ಇವನ ಜಾಗಕ್ಕೆ.

ಇದು ನನಗೆ ಚೆನ್ನಾಗಿ ಅರ್ಥವಾದದ್ದು ನಮ್ಮ ಮಂಜರಾಬಾದ್ ಕೋಟೆಯ ನೆನಪಿನಿಂದ. ಸಕಲೇಶಪುರದಿಂದ ಮಂಗಳೂರಿನ ಕಡೆ ಹೋಗುವ ಹೆದ್ದಾರಿಯ ಪಕ್ಕದ ಗುಡ್ಡದ ಮೇಲೆ ಟಿಪ್ಪು ಸುಲ್ತಾನ 1792ರಲ್ಲಿ ಕಟ್ಟಿಸಿದ್ದು. ಸಮಾಜ ಪಾಠದ ಮಕ್ಕಳನ್ನು ಎಷ್ಟೋ ಸಲ ಅಲ್ಲಿಗೆ ಕರೆದುಕೊಂಡು ಹೋಗಿದ್ದೇನೆ. ಅದು ಚೌಕದ ಕೋಟೆಯಲ್ಲ, ಎಂಟು ಮೂಲೆಯ ನಕ್ಷತ್ರ. ಯಾಕೆ ಹಾಗೆ ಕಟ್ಟಿದರು ಎಂದು ಮಕ್ಕಳು ಕೇಳುತ್ತಾರೆ. ಚೌಕದ ಕೋಟೆಯಲ್ಲಿ ಗೋಡೆಯ ಬುಡಕ್ಕೆ ಶತ್ರು ಬಂದು ಅಂಟಿಕೊಂಡರೆ ಮೇಲಿದ್ದವನಿಗೆ ಕಾಣುವುದಿಲ್ಲ. ನಕ್ಷತ್ರದ ಕೋಟೆಯಲ್ಲಿ ಒಂದು ಮೂಲೆಯ ಬುಡ ಪಕ್ಕದ ಮೂಲೆಯವನಿಗೆ ಕಾಣುತ್ತದೆ. ಅಂದರೆ ಯಾರೂ ತಮ್ಮ ಗೋಡೆಯನ್ನು ತಾವೇ ಕಾಯುವುದಿಲ್ಲ, ಪಕ್ಕದವರ ಗೋಡೆಯನ್ನು ಕಾಯುತ್ತಾರೆ. ಒಂದು ಮೂಲೆಯವನು ನಿದ್ದೆ ಹೋದರೆ ಸಾಯುವವನು ಅವನಲ್ಲ, ಪಕ್ಕದವನು. ಫುಟ್‌ಬಾಲಿನ ರಕ್ಷಣೆಯೂ ಹೀಗೆಯೇ ಎಂದು ನಾನು ಹೇಳಿದಾಗ ಸೊಸೆ, "ಅತ್ತೆ, ಇದನ್ನ ಕೋಚ್‌ಗೆ ಬರೆದು ಕಳಿಸಿ" ಎಂದಳು. ಆಗ ಕೋಚಾಗಿದ್ದವರು ಸ್ಪೇನಿನ ಗೆರಾರ್ಡ್ ಸರಗೋಸಾ.

ಶುರುವಿನಲ್ಲಿ ಅವರಿಗೆ ನನ್ನ ಪಾಠ ಬೇಕಿರಲಿಲ್ಲ. ಈಸ್ಟ್ ಬೆಂಗಾಲ್ ಮೇಲೆ 1-0, ಹೈದರಾಬಾದ್ ಮೇಲೆ 3-0, ಮೋಹನ್ ಬಾಗಾನ್ ಮೇಲೆ 3-0, ಮುಂಬೈಯಲ್ಲಿ 0-0, ಪಂಜಾಬ್ ಮೇಲೆ 1-0. ಐದು ಪಂದ್ಯ, ಬಿಟ್ಟುಕೊಟ್ಟ ಗೋಲು ಸೊನ್ನೆ. ಆರನೆಯ ಪಂದ್ಯದಲ್ಲಿ, ಅಕ್ಟೋಬರ್ 25ರಂದು ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್ ಒಂದು ಪೆನಾಲ್ಟಿಯಿಂದ ಮೊದಲ ಗೋಲು ಹೊಡೆಯಿತು. ಆ ಪಂದ್ಯವನ್ನೂ ಬೆಂಗಳೂರು 3-1ರಿಂದ ಗೆದ್ದಿತು.

ಆ ಐದು ಪಂದ್ಯಗಳಲ್ಲಿ ನಾನು ಕಂಡುಕೊಂಡದ್ದು ಇಷ್ಟು. ಹಿಂದಿನ ನಾಲ್ವರು ಚೆನ್ನಾಗಿ ಆಡಿದರು ನಿಜ. ಆದರೆ ಚೆಂಡು ಅವರ ಹತ್ತಿರ ಬರುವಷ್ಟರಲ್ಲಿ ಸುಸ್ತಾಗಿ ಬರುತ್ತಿತ್ತು. ಮುಂದಿನವರು ಚೆಂಡು ಕಳೆದುಕೊಂಡ ಕ್ಷಣವೇ ತಿರುಗಿ ಬೆನ್ನಟ್ಟುತ್ತಿದ್ದರು. ಮಧ್ಯದಲ್ಲಿ ಸುರೇಶ್ ಸಿಂಗ್, ಪೆಡ್ರೊ ಕಾಪೊ, ನೊಗೆರಾ ದಾರಿ ಕಟ್ಟುತ್ತಿದ್ದರು. ಎದುರಾಳಿ ನಾಲ್ಕು ಕಡೆ ತಡೆದು ತಡೆದು ಕೊನೆಗೆ ಭೇಕೆಯ ಮುಂದೆ ಬರುವಾಗ ಅವನಿಗೆ ದಿಕ್ಕೇ ಉಳಿದಿರುತ್ತಿರಲಿಲ್ಲ. ಕಾಡಿನಂಚಿನ ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತಿರುವ ಮಾತಿದು. ಆನೆಯನ್ನು ತಡೆಯಬೇಕಾದದ್ದು ಕಾಡಿನಂಚಿನ ಕಂದಕದಲ್ಲಿ. ಅದು ಅಂಗಳಕ್ಕೆ ಬಂದ ಮೇಲೆ ಅಡಿಗೆಮನೆಯ ಬಾಗಿಲು ಗಟ್ಟಿಯಿಲ್ಲವೆಂದು ಬಯ್ದು ಏನು ಫಲ?

ಹಳೆಯ ಹಾಜರಿ ಪುಸ್ತಕವೊಂದರ ಹಿಂದಿನ ಹಾಳೆಗಳಲ್ಲಿ ನಾನು ಪಂದ್ಯಗಳ ಲೆಕ್ಕ ಬರೆಯತೊಡಗಿದೆ. ಮೇಷ್ಟ್ರಿಣಿಯರ ಚಟ. ದಿನಾಂಕ, ಎದುರಾಳಿ, ಗೋಲು, ಕೊನೆಯ ಅಂಕಣ 'ಯಾರ ತಪ್ಪು'. ನವೆಂಬರ್ 2ರಂದು ಗೋವಾದಲ್ಲಿ 0-3ರಿಂದ ಸೋತಾಗ ಆ ಅಂಕಣದಲ್ಲಿ ಕೆಂಪು ಶಾಯಿಯಲ್ಲಿ ಮೊದಲ ಬಾರಿ ಹೆಸರುಗಳನ್ನು ಬರೆದೆ. ಡಿಸೆಂಬರ್ 1ರಂದು ಒಡಿಶಾದವರು ನಾಲ್ಕು ಗೋಲು ಹೊಡೆದಾಗ ಇನ್ನಷ್ಟು ಹೆಸರು. ಗೋಲು ಆದಾಗ ಚೆಂಡಿಗೆ ಯಾರು ಹತ್ತಿರವಿದ್ದರೋ ಅವರ ಹೆಸರು. ಟಿ.ವಿ.ಯೂ ಅದನ್ನೇ ತಾನೇ ತೋರಿಸುವುದು? ಗೋಲಾದ ಮೇಲೆ ಹೊಡೆದವನ ಕುಣಿತ, ಆಮೇಲೆ ಹಿಂದಿನವನೊಬ್ಬ ತಲೆ ತಗ್ಗಿಸಿದ್ದು.

ಡಿಸೆಂಬರ್ 7ರ ಶನಿವಾರ ಮಗ ನಮ್ಮಿಬ್ಬರನ್ನೂ ಬೆಂಗಳೂರಿಗೆ ಕರೆಸಿಕೊಂಡು ಕಂಠೀರವ ಕ್ರೀಡಾಂಗಣಕ್ಕೆ ಕರೆದುಕೊಂಡು ಹೋದ. ಅತ್ತೆಯವರ ಜೊತೆಗೆ ನಮ್ಮ ಯಜಮಾನರು ಉಳಿದರು. ಮತ್ತೆ ಕೇರಳ ಬ್ಲಾಸ್ಟರ್ಸ್. ಕ್ರೀಡಾಂಗಣದಲ್ಲಿ ಕೂತರೆ ಟಿ.ವಿ.ಯಲ್ಲಿ ಕಾಣದ್ದು ಕಾಣುತ್ತದೆ. ಚೆಂಡು ಎಲ್ಲೋ ಇದ್ದಾಗ ಹಿಂದಿನವರು ಏನು ಮಾಡುತ್ತಾರೆ ಎಂಬುದು ಕಾಣುತ್ತದೆ. ಅವರು ಸುಮ್ಮನಿರುವುದೇ ಇಲ್ಲ. ಕೈ ಚಾಚಿ ತೋರಿಸುತ್ತಾರೆ, ಕೂಗುತ್ತಾರೆ, ಎರಡು ಹೆಜ್ಜೆ ಮುಂದೆ, ಮೂರು ಹೆಜ್ಜೆ ಹಿಂದೆ. ಗೇಟು ಕಾಯೋನಂತೂ ತೊಂಬತ್ತು ನಿಮಿಷವೂ ಮಾತಾಡುತ್ತಲೇ ಇದ್ದ. ಮದುವೆಮನೆಯಲ್ಲಿ ಎಲ್ಲರೂ ಮಂಟಪ ನೋಡುತ್ತಿರುವಾಗ ಒಳಗೆ ಎಷ್ಟು ಎಲೆ ಹಾಕಬೇಕು, ಯಾವ ಪಾತ್ರೆ ಎಲ್ಲಿ ಎಂದು ಲೆಕ್ಕ ಹಾಕುತ್ತಿರುವ ಹೆಂಗಸಿನ ಹಾಗೆ.

ಸುನಿಲ್ ಛೆಟ್ರಿ ಮೊದಲು ಹೊಡೆದರು, ರಯಾನ್ ವಿಲಿಯಮ್ಸ್ ಎರಡನೆಯದು. ವಿರಾಮದ ಹೊತ್ತಿಗೆ 2-0. ಸುತ್ತಲಿದ್ದವರು ಮುಗಿಯಿತೆಂದೇ ಕುಣಿಯುತ್ತಿದ್ದರು. ವಿರಾಮದ ನಂತರ ಆಟ ನೋಡನೋಡುತ್ತಿದ್ದಂತೆ ಬದಲಾಯಿತು. ನನಗೆ ಕಂಡದ್ದು ಹೀಗೆ: ಮುಂದಿನವರು ಚೆಂಡು ಕಳೆದುಕೊಂಡರೆ ಮೊದಲಿನಂತೆ ತಿರುಗಿ ಓಡಲಿಲ್ಲ. ಮಧ್ಯದವರಿಗೂ ಹಿಂದಿನ ನಾಲ್ವರಿಗೂ ನಡುವೆ ನಮ್ಮ ಕಾಫಿ ಕಣದಷ್ಟು ಖಾಲಿ ಜಾಗ ಬಿತ್ತು. ಅಲ್ಲಿ ಕೇರಳದವರು ಆರಾಮವಾಗಿ ಚೆಂಡು ನಿಲ್ಲಿಸಿಕೊಂಡು ಯೋಚನೆ ಮಾಡತೊಡಗಿದರು. ಹನ್ನೊಂದು ನಿಮಿಷದ ಅಂತರದಲ್ಲಿ ಎರಡು ಗೋಲು. 2-2. ಆಮೇಲೆ ಛೆಟ್ರಿ ಇನ್ನೂ ಎರಡು ಹೊಡೆದು 4-2 ಮಾಡಿದರು. ನಲವತ್ತು ವರ್ಷದ ಮನುಷ್ಯನ ಹ್ಯಾಟ್ರಿಕ್. ಮರುದಿನ ಎಲ್ಲರ ಬಾಯಲ್ಲೂ ಅದೇ. ಅದು ಸರಿಯೇ. ಆದರೆ ಎರಡು ಗೋಲಿನ ಮುನ್ನಡೆ ಕರಗಿ ಹೋದ ಮಾತನ್ನು ಯಾರೂ ಎತ್ತಲಿಲ್ಲ. ಗೆದ್ದ ಮನೆಯಲ್ಲಿ ಒಡೆದ ಪಾತ್ರೆಯ ಲೆಕ್ಕ ಯಾರು ಹಾಕುತ್ತಾರೆ?

ನಾನಾದರೂ ಹಾಕಿದೆನೇ ಅಂದರೆ, ಹಾಕಿದೆ, ತಪ್ಪಾಗಿ. ಕಣ್ಣಾರೆ ಆ ಖಾಲಿ ಜಾಗ ನೋಡಿ ಬಂದೂ ಹಾಜರಿ ಪುಸ್ತಕದಲ್ಲಿ ಕೊನೆಯ ಘಳಿಗೆಯಲ್ಲಿ ಹತ್ತಿರವಿದ್ದವರ ಹೆಸರನ್ನೇ ಬರೆದೆ. ರೂಢಿ.

ಜನವರಿ ಬಂತು. ನಮ್ಮ ಕಡೆ ಜನವರಿ ಎಂದರೆ ರೋಬಸ್ಟಾ ಕುಯ್ಲು. ಆಳು ಸಿಕ್ಕಿದ ದಿನ ಹಬ್ಬ. ಮನೆಯ ಗಂಡಸರೆಲ್ಲ ಕಣದಲ್ಲಿ, ಸಂಜೆಯಾದರೆ ಕಾಫಿ ರಾಶಿ ಮಾಡಿ ಟಾರ್ಪಾಲು ಹೊದಿಸುವ ಗಡಿಬಿಡಿ. ಅಂಥದೊಂದು ಸಂಜೆ ನಾನು ಸ್ಕೂಲಿನಿಂದ ಬಂದು ಹಾಲು ಕಾಯಲಿಟ್ಟಿದ್ದೆ. ಸೊಸೆ ಕಛೇರಿಯ ಮಾತುಕತೆಯಲ್ಲಿ ಕೋಣೆಯೊಳಗಿದ್ದಳು. ಬಚ್ಚಲಿನ ಕಡೆ ಧಡ್ ಎಂದು ಸದ್ದಾಯಿತು. ಅತ್ತೆಯವರು ಬಿದ್ದಿದ್ದರು. ಬಲಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ಆ ವಯಸ್ಸಿನಲ್ಲಿ ತೊಡೆಯ ಮೂಳೆಯಲ್ಲದೆ ಕೈ ಆದದ್ದೇ ಪುಣ್ಯ ಎಂದರು ಡಾಕ್ಟರು. ಆರು ವಾರ ಪಟ್ಟಿ.

ಸುದ್ದಿ ತಿಳಿದ ಮೈದುನ ಹಾಸನದಿಂದ ಫೋನು ಮಾಡಿದ. ಮೊದಲ ಮಾತು: "ನೀವು ಮನೇಲೇ ಇದ್ರಂತಲ್ಲ ಅತ್ತಿಗೆ?" ಅವನು ಕೆಟ್ಟವನಲ್ಲ. ಕೇಳಿದ್ದೂ ಕೆಟ್ಟ ದನಿಯಲ್ಲಲ್ಲ. ನೋಡಲು ಬಂದವರೂ ಅದನ್ನೇ ಕೇಳಿದರು. ಯಾರಿದ್ರು ಮನೇಲಿ? ಇವ್ರೇ ಇದ್ರಂತೆ. ಹೌದಾ! ನಾನಿದ್ದೆ, ಹತ್ತು ಹೆಜ್ಜೆ ದೂರದಲ್ಲಿದ್ದೆ. ಸಂಜೆಗೆ ಮುಂಚೆ ಮನೆಯಲ್ಲಿ ಇಲ್ಲದೇ ಇದ್ದಿದ್ದರೆ ಯಾರೂ ನನ್ನ ಹೆಸರೆತ್ತುತ್ತಿರಲಿಲ್ಲ. ಇದ್ದದ್ದೇ ತಪ್ಪಾಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಲೆಕ್ಕ ಹಾಕುತ್ತಾ ಮಲಗಿದ್ದೆ. ಬಚ್ಚಲ ದಾರಿಯ ಬಲ್ಬು ಹೋಗಿ ನಾಲ್ಕು ದಿನವಾಗಿತ್ತು. ಊರುಗೋಲಿನ ತುದಿಯ ರಬ್ಬರು ಸವೆದಿತ್ತು. ಬಚ್ಚಲ ಕಲ್ಲಿನ ಮೇಲೆ ನೀರು ನಿಲ್ಲುವುದನ್ನು ಸರಿಮಾಡಿಸಿ ಎಂದು ದೀಪಾವಳಿಯಿಂದ ಹೇಳುತ್ತಿದ್ದೆ. ಕುಯ್ಲು ಮುಗಿಯಲಿ ಎಂಬ ಉತ್ತರವಿತ್ತು. ತಿಂಗಳಿಗೊಮ್ಮೆ ಅಮ್ಮನನ್ನು ಹತ್ತು ದಿನ ಹಾಸನಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದಿದ್ದ ಮೈದುನ ಮೂರು ತಿಂಗಳಿಂದ ಬಂದಿರಲಿಲ್ಲ. ಇವೆಲ್ಲ ಒಂದೊಂದು ಕಡೆ ಕಳೆದುಹೋದ ಚೆಂಡುಗಳು. ಎಲ್ಲ ದಾಟಿ ಬಂದು ಕೊನೆಗೆ ಹಾಲು ಕಾಯಿಸುತ್ತಾ ನಿಂತವಳ ಮುಂದೆ ಗೋಲಾಯಿತು. ನ್ಯಾಯವಾಗಿ ಹೇಳಬೇಕೆಂದರೆ ನನ್ನ ಪಾಲೂ ಇದೆ. ಆ ನಾಲ್ಕು ದಿನದಲ್ಲಿ ಎರಡು ಸಲ ಬಲ್ಬಿನ ಅಂಗಡಿಯ ಮುಂದೆಯೇ ನಡೆದು ಬಂದಿದ್ದೆ. ಅದು ನನ್ನ ಕೆಲಸವಲ್ಲ, ಹೇಳಿದ್ದೇನಲ್ಲ ಎಂಬ ಹಟ.

ಜನವರಿ 22ರಂದು ಒಡಿಶಾ ಮತ್ತೆ ಎದುರಾಯಿತು, ಈ ಸಲ ಕಂಠೀರವದಲ್ಲಿ. ಅತ್ತೆಯವರು ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ನೋಡಲು ಕೂತರು. ಬೆಂಗಳೂರು 2-0 ಮುಂದಾಯಿತು. ಆಮೇಲೆ ಮೂರು ಗೋಲು ಬಿಟ್ಟುಕೊಟ್ಟು 2-3ರಿಂದ ಸೋತಿತು. ಸೊಸೆ ಹಿಂದಿನವರನ್ನು ಹೆಸರು ಹಿಡಿದು ಬಯ್ಯತೊಡಗಿದಳು. ನಾನು ಹಾಜರಿ ಪುಸ್ತಕ ತೆಗೆದೆ, ಕೆಂಪು ಪೆನ್ನು ಹಿಡಿದೆ, ಬರೆಯಲಾಗಲಿಲ್ಲ. "ನೀವು ಅಲ್ಲೇ ಇದ್ರಂತಲ್ಲ" ಎಂದು ನಾನೇ ಬರೆಯಲು ಹೊರಟ ಹಾಗಿತ್ತು.

ಆ ದಿನ 'ಯಾರ ತಪ್ಪು' ಎಂಬ ಅಂಕಣವನ್ನು ಹೊಡೆದುಹಾಕಿ ಪಕ್ಕದಲ್ಲಿ 'ಚೆಂಡು ಎಲ್ಲಿ ಕಳೆಯಿತು, ಆಗ ಯಾರು ನಿಂತು ನೋಡಿದರು' ಎಂದು ಬರೆದೆ. ಗೋಲಾದ ಮೇಲೆ ಮತ್ತೆ ಮತ್ತೆ ತೋರಿಸುತ್ತಾರಲ್ಲ, ಆಗ ಕೊನೆಯ ಒದೆತವನ್ನು ಬಿಟ್ಟು ಅದಕ್ಕೆ ಮುಂಚಿನ ಮೂರು ನಾಲ್ಕು ಪಾಸುಗಳನ್ನು ನೋಡುವುದು. ನೀವೂ ಮಾಡಿ ನೋಡಿ. ಹತ್ತರಲ್ಲಿ ಎಷ್ಟೋ ಸಲ ಕತೆ ಬೇರೆಯೇ ಆಗಿ ಕಾಣುತ್ತದೆ.

ಹಾಗೆ ನೋಡತೊಡಗಿದ ಮೇಲೆ ಈ ತಂಡದ ನಿಜವಾದ ದೋಷ ನನಗೆ ಕಂಡಿತು. ಅದು ಹಿಂದಿನ ನಾಲ್ವರ ಅಸಾಮರ್ಥ್ಯವಲ್ಲ. ಮುನ್ನಡೆ ಸಿಕ್ಕಿದೊಡನೆ ರಕ್ಷಣೆಯ ಕೆಲಸವನ್ನು ಪೂರ್ತಿಯಾಗಿ ಅವರ ತಲೆಗೆ ಕಟ್ಟಿ ಉಳಿದವರು ಸಡಿಲವಾಗುವುದು. ಸೊನ್ನೆ-ಸೊನ್ನೆ ಇದ್ದಾಗ ಹನ್ನೊಂದು ಜನರೂ ಕಾಯುತ್ತಾರೆ. ಹಿಂದೆ ಬಿದ್ದಾಗಲೂ ಹನ್ನೊಂದು ಜನ ಓಡುತ್ತಾರೆ. ಡಿಸೆಂಬರ್ 14ರಂದು ಗೋವಾ ತಂಡ ಎರಡು ಗೋಲು ಮುಂದಿದ್ದಾಗ ಇವರೇ ಎರಡನ್ನೂ ತೀರಿಸಿ 2-2 ಮಾಡಲಿಲ್ಲವೇ? ಮುಂದಿರುವಾಗ ಮಾತ್ರ ನಾಲ್ವರೇ ಕಾಯಬೇಕು. ಅಂದರೆ ಮನೆ ನೆಮ್ಮದಿಯಾಗಿದ್ದ ದಿನವೇ ಕಾಯುವವರಿಗೆ ಕಷ್ಟ ಹೆಚ್ಚು.

ಹಳಬರನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ಈ ಕ್ಲಬ್ಬು ಹುಟ್ಟಿದ್ದು 2013ರಲ್ಲಿ. 2018ರ ಮಾರ್ಚ್ 17ರಂದು ಕಂಠೀರವದಲ್ಲೇ ನಡೆದ ಐ.ಎಸ್‌.ಎಲ್‌. ಫೈನಲ್‌ನಲ್ಲಿ ಚೆನ್ನೈಯಿನ್ ತಂಡದೆದುರು 2-3ರಿಂದ ಸೋತರು. ಮೊದಲ ಗೋಲು ಇವರದೇ. ಆಮೇಲೆ ಎರಡು ಕಾರ್ನರ್ ಕಿಕ್, ಎರಡಕ್ಕೂ ಮೈಲ್ಸನ್ ಎಂಬ ಎದುರಾಳಿ ತಲೆಕೊಟ್ಟು ಎರಡು ಗೋಲು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ವಿರುದ್ಧ ಇವರು ಕಪ್ ಗೆದ್ದದ್ದೂ ಒಂದು ಕಾರ್ನರ್‌ನಿಂದಲೇ. 117ನೇ ನಿಮಿಷದಲ್ಲಿ ತಲೆಯಿಂದ ಹೊಡೆದವನು ಹಿಂದಿನ ಸಾಲಿನ ಇದೇ ರಾಹುಲ್ ಭೇಕೆ. 120 ನಿಮಿಷ ಎದುರಾಳಿಗೆ ಒಂದು ಗೋಲನ್ನೂ ಕೊಡದೆ, ಒಂದನ್ನು ತಾನೇ ಹೊಡೆದು ಕೊಟ್ಟ ರಕ್ಷಣೆ ಅದು. ಮುಂದಿನ ಋತುವಿನ 18 ಲೀಗ್ ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 13 ಗೋಲು ಮಾತ್ರ. ಗೇಟು ಕಾಯೋನಿಗೆ ಆ ವರ್ಷ ಬಂಗಾರದ ಕೈಗವಸಿನ ಪ್ರಶಸ್ತಿ ಬಂತು. ಅತ್ತೆಯವರಿಗೆ ಇದನ್ನು ಹೇಳಿದಾಗ, "ಸದ್ಯ, ಒಂದಾದ್ರೂ ಕೊಟ್ರಲ್ಲ" ಎಂದರು.

ನಾವು ನೆನಪಿಡುವುದು ಹೊಡೆದವರನ್ನು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತಕ್ಕೆ ಮೊದಲ ಗೋಲು ತಂದುಕೊಟ್ಟ ಸಾರಂಗಪಾಣಿ ರಾಮನ್ ಬೆಂಗಳೂರಿನವರು ಎಂದು ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಇರಬೇಕಾದದ್ದೇ. ಆ ದಿನ ಹಿಂದೆ ನಿಂತು ಎಷ್ಟು ಗೋಲು ತಪ್ಪಿಸಿದರು ಎಂಬುದಕ್ಕೆ ಪ್ರಶ್ನೆಯೂ ಇಲ್ಲ, ಅಂಕವೂ ಇಲ್ಲ. ಆಗದೇ ಹೋದದ್ದನ್ನು ಹೇಗೆ ಎಣಿಸುವುದು? ಹಾಲು ಉಕ್ಕದ ದಿನ, ಮಗು ಬೀಳದ ದಿನ, ಬಟ್ಟೆ ಮಳೆಗೆ ನೆನೆಯದ ದಿನ ಯಾರ ಲೆಕ್ಕದಲ್ಲಿ ಇರುತ್ತದೆ?

ಋತುವಿನ ಕೊನೆ ಹೇಳಿಬಿಡುತ್ತೇನೆ. 2025ರ ಮಾರ್ಚ್ 11ರಂದು ಮುಂಬೈ ತಂಡ ಬೆಂಗಳೂರಿಗೇ ಬಂದು 2-0ರಿಂದ ಸೋಲಿಸಿತು. ಹದಿನೆಂಟು ದಿನದ ನಂತರ ಪ್ಲೇ-ಆಫ್‌ನಲ್ಲಿ ಅದೇ ಕ್ರೀಡಾಂಗಣ, ಅದೇ ಮುಂಬೈ, ಬೆಂಗಳೂರಿಗೆ 5-0 ಜಯ. ಸೋತರೆ ಮನೆಗೆ ಎಂದು ಗೊತ್ತಿದ್ದ ದಿನ ಮುಂದಿನವರೂ ಕಂದಕ ಕಾದರು. ಸೆಮಿಫೈನಲ್‌ನಲ್ಲಿ ಗೋವಾ ವಿರುದ್ಧ ಮೊದಲ ಪಂದ್ಯ 2-0. ಎರಡು ಗೋಲಿನ ಮುನ್ನಡೆ ಎಂದಾಗ ನನ್ನ ಎದೆ ಡವಡವ ಎನ್ನತೊಡಗಿತು. ಅಂದುಕೊಂಡಂತೆಯೇ ಏಪ್ರಿಲ್ 6ರಂದು ಗೋವಾದಲ್ಲಿ ಆ ಎರಡೂ ಕರಗಿದವು. ಹೆಚ್ಚುವರಿ ನಿಮಿಷಗಳಲ್ಲಿ ಛೆಟ್ರಿ ತಲೆಯಿಂದ ಹೊಡೆದು ಉಳಿಸಿದರು. ಪತ್ರಿಕೆಗಳ ತುಂಬ ಛೆಟ್ರಿ. ಆ ಚೆಂಡನ್ನು ಬದಿಯಿಂದ ತೂಗಿ ಕೊಟ್ಟವನು ಹಿಂದಿನ ಸಾಲಿನ ನಾಮ್‌ಗ್ಯಾಲ್ ಭುಟಿಯಾ ಎಂದು ನನ್ನ ಪುಸ್ತಕದಲ್ಲಿ ಹಸಿರು ಶಾಯಿಯಲ್ಲಿ ಬರೆದೆ.

ಏಪ್ರಿಲ್ 12ರ ಫೈನಲ್ ಕೋಲ್ಕತ್ತದಲ್ಲಿ, ಮೋಹನ್ ಬಾಗಾನ್ ಎದುರು. ಅವರ ರಕ್ಷಕನೊಬ್ಬನೇ ಚೆಂಡನ್ನು ತನ್ನ ಬಲೆಗೆ ಹಾಕಿಕೊಂಡ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಬೆಂಗಳೂರು 1-0 ಮುಂದಾಯಿತು. ಮತ್ತೆ ಅದೇ ರೋಗ. ಇಡೀ ತಂಡ ಹಿಂದೆ ಹಿಂದೆ ಸರಿದು ಗೋಲಿನ ಮುಂದೆ ಗುಂಪುಗಟ್ಟಿತು. 72ನೇ ನಿಮಿಷದಲ್ಲಿ ನಮ್ಮ ರಕ್ಷಕನೊಬ್ಬನ ಕೈಗೆ ಚೆಂಡು ತಗುಲಿ ಪೆನಾಲ್ಟಿ, 1-1. ಹೆಚ್ಚುವರಿ ಅವಧಿಯಲ್ಲಿ, 96ನೇ ನಿಮಿಷದಲ್ಲಿ ಇನ್ನೊಂದು. ಕಪ್ಪು ಅವರದಾಯಿತು. ಆ ರಕ್ಷಕನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೈ ಅವನದು, ನಿಜ. ಆದರೆ ಇಪ್ಪತ್ತು ನಿಮಿಷ ಚೆಂಡು ಅಲ್ಲೇ ಸುತ್ತುತ್ತಿದ್ದರೆ ಯಾರದಾದರೊಂದು ಕೈಗೆ ತಗುಲಲೇಬೇಕು.

ಇನ್ನು ನನ್ನ ಮೌಲ್ಯಮಾಪನ. 24 ಲೀಗ್ ಪಂದ್ಯಗಳಲ್ಲಿ ಬೆಂಗಳೂರು ಬಿಟ್ಟುಕೊಟ್ಟದ್ದು 31 ಗೋಲು, ಮೋಹನ್ ಬಾಗಾನ್ ಬಿಟ್ಟುಕೊಟ್ಟದ್ದು 16. ಮೊದಲ ಐದು ಪಂದ್ಯಗಳಲ್ಲಿ ಸೊನ್ನೆ ಇದ್ದ ಮೇಲೆ ಆ 31 ಅಷ್ಟೂ ಬಂದದ್ದು ಉಳಿದ 19 ಪಂದ್ಯಗಳಲ್ಲಿ. ಮೂರನೆಯ ಸ್ಥಾನ ಸಿಕ್ಕಿತು, ಫೈನಲ್ ತಲುಪಿದರು, ಅದು ಸಣ್ಣದಲ್ಲ. ಹಿಂದಿನ ನಾಲ್ವರಿಗೆ ಮತ್ತು ಗೇಟು ಕಾಯೋನಿಗೆ ನಾನು ನೂರಕ್ಕೆ ಅರವತ್ತು ಕೊಡುತ್ತೇನೆ. ತಂಡದ ರಕ್ಷಣೆಗೆ ನಲವತ್ತೈದು. ಎರಡೂ ಬೇರೆ ಬೇರೆ ಪತ್ರಿಕೆಗಳು ಎಂಬುದನ್ನು ಗಮನಿಸಿ. ಮುನ್ನಡೆ ಸಿಕ್ಕಿದ ಮೇಲೆ ಮಧ್ಯಕ್ಕೆ ದಣಿಯದ ಕಾಲುಗಳನ್ನು ಕಳಿಸಬೇಕಿತ್ತು. ಹಿಂದಿನ ಸಾಲು ಅಂಜಿ ಹಿಂದೆ ಸರಿಯುವ ಬದಲು ಹತ್ತು ಹೆಜ್ಜೆ ಮುಂದೆ ಬಂದು ನಿಲ್ಲಬೇಕಿತ್ತು. ಸೋತ ದಿನ ಕೇಳುವ ಪ್ರಶ್ನೆಗಳನ್ನು ಡಿಸೆಂಬರ್ 7ರಂದು ಗೆದ್ದ ದಿನವೇ ಕೇಳಬೇಕಿತ್ತು.

ಏಪ್ರಿಲ್ ಕೊನೆಯಲ್ಲಿ ಸೊಸೆ ಬೆಂಗಳೂರಿಗೆ ಹೊರಟಳು. ಹೂಮಳೆ ಬಿದ್ದು ತೋಟದಲ್ಲಿ ಕಾಫಿ ಹೂ ಬಿಟ್ಟು ಉದುರಿತ್ತು. ಅವಳು ಹೊರಡುವ ಮುಂಚೆ ಮೈದುನನನ್ನು ಹಾಸನದಿಂದ ಕರೆಸಿ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿಕೊಂಡೆ. ಜಗಳಕ್ಕಲ್ಲ. ಬಚ್ಚಲ ಕಲ್ಲು ಯಾರು ಹಾಕಿಸುತ್ತೀರಿ, ಯಾವ ತಿಂಗಳು ಯಾರ ಮನೆ, ನಾನು ಸ್ಕೂಲಿಗೆ ಹೋದಾಗ ಹಗಲಿಗೆ ಯಾರು, ಎಂದು ಒಂದು ಹಾಳೆಯಲ್ಲಿ ಬರೆದು ಓದಿದೆ. ನಮ್ಮ ಯಜಮಾನರು ಕೆಮ್ಮಿದರು. ಮೈದುನ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು ಅತ್ತಿಗೆ, ಜೂನಿಂದ ಕರ್ಕೊಂಡು ಹೋಗ್ತೀನಿ" ಎಂದ. ಜೂನಿನಲ್ಲಿ ಬಂದು ಕರೆದುಕೊಂಡೂ ಹೋದ. ಜುಲೈಯಲ್ಲಿ ಬರಲಿಲ್ಲ. ಫೋನು ಮಾಡಿದೆ, ಆಗಸ್ಟಿನಲ್ಲಿ ಬಂದ. ಬಚ್ಚಲಿಗೆ ಹೊಸ ಕಲ್ಲು ಹಾಕಿದೆ. ಬಲ್ಬನ್ನು ಮಾತ್ರ ನಾನೇ ತರುತ್ತೇನೆ, ಒಂದು ಹೆಚ್ಚಿಗೆ ತಂದು ಕಪಾಟಿನಲ್ಲಿಡುತ್ತೇನೆ.

ಫೈನಲ್ ಸೋತ ರಾತ್ರಿ ಅತ್ತೆಯವರು ಮಲಗಲು ಏಳುವಾಗ, ಅಂದಿನ ಆಟದಲ್ಲಿ ಯಾರು ಗೆದ್ದರೆಂದು ಅವರಿಗೆ ಸರಿಯಾಗಿ ತಿಳಿದಿತ್ತೋ ಇಲ್ಲವೋ, "ಗೇಟು ಕಾಯೋನು ಊಟ ಮಾಡ್ದನೇನೇ?" ಎಂದು ಕೇಳಿದರು. ಮಾಡಿರ್ತಾನೆ ಅತ್ತೆ ಎಂದು ಹೇಳಿ ದೀಪ ಹಾಕಿ ಬಚ್ಚಲಿನವರೆಗೂ ಕೈ ಹಿಡಿದುಕೊಂಡು ಹೋದೆ.